ಸಂಜೆ ಆರು ನಲವತ್ತೊಂದು

ವೇಣೂರಿನ ರಾಜೀವಿಯಕ್ಕ ಐವತ್ತೊಂದು ವರ್ಷ ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಅನ್ನ ಬಾಯಿಗೆ ಹಾಕಿದವರಲ್ಲ. ಐವತ್ತೆರಡನೆಯ ವರ್ಷ ಹಾಕಿದರು. ಒಂದು ದಿನ, ಎರಡು ದಿನ ಅಲ್ಲ, ಎರಡು ತಿಂಗಳಿಗೂ ಹೆಚ್ಚು. ಅವರಿಗೆ ಅದು ಗೊತ್ತಿರಲಿಲ್ಲ. ಹಾಕಿಸಿದವನು ನಾನು, ಮತ್ತು ಕೊನೆಯ ಏಳು ದಿನ ನನಗೆ ಗೊತ್ತಿತ್ತು.

ಈ ಕೊನೆಯ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಎಲ್ಲಾದರೂ ಮಧ್ಯದಲ್ಲಿ ಮೆಲ್ಲಗೆ ಜಾರಿಸಿಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ನಾನು ಊರಿನ ಶಾಲೆಯಲ್ಲಿ ಓದುವಾಗ ರಾಜೀವಿಯಕ್ಕ ಅಲ್ಲಿ ಬಿಸಿಯೂಟದ ಅಡುಗೆಯವರು. ಕುಳ್ಳಗಿನ ಮನುಷ್ಯೆ, ದೊಡ್ಡ ಗಂಟಲು. ಜೈನರಾದ್ದರಿಂದ ತಾವು ನೀರುಳ್ಳಿ ತಿನ್ನುವವರಲ್ಲ, ಆದರೆ ನಮ್ಮ ಸಾಂಬಾರಿಗೆ ಬುಟ್ಟಿಗಟ್ಟಲೆ ಹೆಚ್ಚುತ್ತಿದ್ದರು. ಒಬ್ಬ ಮೇಷ್ಟ್ರು ತಮಾಷೆಗೆ ಕೇಳಿದ್ದಕ್ಕೆ, "ವ್ರತ ಹಿಡಿದವಳು ನಾನು ಸರ್, ಮಕ್ಕಳಲ್ಲ" ಎಂದಿದ್ದರಂತೆ. ನಾನೂ ಜೈನರ ಮನೆಯ ಹುಡುಗನೇ. ಮನೆಯಲ್ಲಿ ಸಿಗದ ನೀರುಳ್ಳಿಯ ರುಚಿ ನನಗೆ ಹತ್ತಿದ್ದು ಅವರ ಸಾಂಬಾರಿನಿಂದ. ಅದನ್ನು ಅವರು ನಮ್ಮ ಅಮ್ಮನಿಗೆ ಹೇಳಲಿಲ್ಲ.

ರಾತ್ರಿ ಊಟ ಬಿಡುವ ವ್ರತವನ್ನು ಅವರು ಇಪ್ಪತ್ತನೆಯ ವಯಸ್ಸಿನಲ್ಲಿ, ಊರಿಗೆ ಬಂದ ಮುನಿಗಳ ಮುಂದೆ ತೆಗೆದುಕೊಂಡದ್ದು. ಸೂರ್ಯ ಮುಳುಗುವುದರೊಳಗೆ ಉಂಡು ಕೈ ತೊಳೆಯಬೇಕು. ಮುಳುಗಿದ ಮೇಲೆ ನೀರು ಮತ್ತು ಮದ್ದು ಬಿಟ್ಟರೆ ಏನೂ ಇಲ್ಲ. ಗಡಿಯಾರ ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ಅಂಗಳಕ್ಕೆ ಬಂದು ಅಂಗೈ ಬಿಡಿಸಿ ಹಿಡಿಯುವುದು, ಗೆರೆ ಕಂಡರೆ ಊಟ, ಕಾಣದಿದ್ದರೆ ಇಲ್ಲ. ಒಮ್ಮೆ ಬಂಟ್ವಾಳದಲ್ಲಿ ಮದುವೆ ಮುಗಿಸಿ ಬರುವಾಗ ಬಿ.ಸಿ. ರೋಡಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ಹೊತ್ತು ಮುಳುಗಲು ಬಂತಂತೆ. ದಾರಿಯಲ್ಲಿ ಬಸ್ಸು ನಿಲ್ಲಿಸಿ, ಕೆಳಗಿಳಿದು, ಚೀಲದಿಂದ ರೊಟ್ಟಿ ಚಟ್ನಿ ತೆಗೆದು ಮೋರಿಯ ಕಟ್ಟೆಯ ಮೇಲೆ ಕೂತು ತಿಂದರಂತೆ. ಪ್ರಯಾಣಿಕರು ಬೊಬ್ಬೆ ಹಾಕಿದಾಗ ಕಂಡಕ್ಟರ್ ನಿತ್ಯಾನಂದ, "ಅಕ್ಕನ ಊಟ ಆಗದೆ ಈ ಬಸ್ಸು ಹೋಗುವುದಿಲ್ಲ ಮಾರಾಯ್ರೇ, ಬೇಕಾದವರು ನಡೆದುಕೊಂಡು ಹೋಗಿ" ಎಂದನಂತೆ. ಈ ಕತೆಯನ್ನು ಅವರೇ ನಗುತ್ತಾ ಹೇಳುತ್ತಿದ್ದರು.

ಕೆಲಸದಿಂದ ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆ ಹಿಡಿಯಿತು. ಅದು ಕಣ್ಣಿಗೂ ಇಳಿಯಿತು. ಮೊದಲು ಅಂಗೈಯ ಗೆರೆ ಹೋಯಿತು, ಆಮೇಲೆ ಮನುಷ್ಯರ ಮುಖ. ಬೆಳ್ತಂಗಡಿಯ ಡಾಕ್ಟರು ವ್ರತ ಬಿಡಿ ಎಂದರು. ಸಂಜೆ ಬೇಗ ಉಂಡು ಮರುದಿನ ಬೆಳಗಿನವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ಸಕ್ಕರೆ ಇಳಿದು ಕೈಕಾಲು ನಡುಗುತ್ತದೆ, ಪ್ರಜ್ಞೆ ತಪ್ಪಲೂಬಹುದು ಎಂದರು. ರಾಜೀವಿಯಕ್ಕ ವ್ರತ ಬಿಡಲು ಒಪ್ಪಲಿಲ್ಲ. ಕೊನೆಗೆ, ಹಾಗಾದರೆ ಎಷ್ಟು ತಡವಾಗಿ ಉಣ್ಣಲು ಆಗುತ್ತದೋ ಅಷ್ಟು ತಡವಾಗಿ ಉಣ್ಣಿ ಎಂದು ಡಾಕ್ಟರೇ ಸೋತರು. ಅಂದರೆ, ಇನ್ನು ಮೇಲೆ ಅವರಿಗೆ ಸೂರ್ಯ ಮುಳುಗುವ ನಿಮಿಷ ಸರಿಯಾಗಿ ಗೊತ್ತಾಗಬೇಕಿತ್ತು. ಇಲ್ಲಿ ನಾನು ಬರುತ್ತೇನೆ.

ನನ್ನ ಹೆಸರು ಜಯೇಶ್. ಮೂಡುಬಿದಿರೆಯ ಒಂದು ಖಾಸಗಿ ಸಂಸ್ಥೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಬಿಡುವಿನಲ್ಲಿ ಸಂಘ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನಾನು ಕಲಿಸುವುದು ಪಿಎಚ್‌ಪಿ ಎಂಬ ಭಾಷೆ. ಅದರಲ್ಲಿ ಮೊದಲ ದಿನದ ಪಾಠ 'ಎಕೋ'. ಎಕೋ ಎಂದು ಬರೆದು, ಪಕ್ಕದಲ್ಲಿ ಎರಡು ಉದ್ಧರಣ ಚಿಹ್ನೆಗಳ ನಡುವೆ ಏನು ಹಾಕುತ್ತೀರೋ ಅದು ಹಾಗೆಯೇ ಪುಟದ ಮೇಲೆ ಅಚ್ಚಾಗುತ್ತದೆ. ಚಿಹ್ನೆಯ ಒಳಗಿನದ್ದನ್ನು ಕಂಪ್ಯೂಟರ್ ಲೆಕ್ಕ ಹಾಕುವುದಿಲ್ಲ, ಪರೀಕ್ಷಿಸುವುದಿಲ್ಲ. "ಪ್ರಿನ್ಸಿಪಾಲರು ಇವತ್ತು ರಜೆ ಕೊಟ್ಟಿದ್ದಾರೆ ಅಂತ ಬರೆಯಿರಿ, ಅದನ್ನೂ ಹಾಕ್ತದೆ" ಎಂದು ಪ್ರತಿವರ್ಷ ಹೇಳಿ ಮಕ್ಕಳನ್ನು ನಗಿಸುತ್ತೇನೆ.

ನಮ್ಮ ಜೈನ ಸಮಾಜದ ಅಧ್ಯಕ್ಷರು ಸನತ್‌ಕುಮಾರರು. ಅವರು ಸಮಾಜಕ್ಕೊಂದು ವೆಬ್‌ಸೈಟ್ ಮಾಡಿಕೊಡು ಎಂದಾಗ, ಅದರಲ್ಲಿ ವೇಣೂರಿನ ದಿನದ ಸೂರ್ಯಾಸ್ತವನ್ನೂ ಹಾಕುತ್ತೇನೆ, ರಾಜೀವಿಯಕ್ಕನಂಥವರಿಗೆ ಉಪಕಾರವಾಗುತ್ತದೆ ಎಂದು ನಾನೇ ಬಾಯಿಬಿಟ್ಟೆ. ಯಾರೂ ಕೇಳಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಯಾರಿಗೂ ಸಿಗುವ ಸಂಗತಿ ಅದು. ಆದರೆ ನಮ್ಮದೇ ಪುಟದಲ್ಲಿ, ಕನ್ನಡದಲ್ಲಿ, ನಾನು ಮಾಡಿದ್ದು ಎಂಬ ದೊಡ್ಡಸ್ತಿಕೆ.

ಏಪ್ರಿಲಿನಲ್ಲಿ ಮಹಾವೀರ ಜಯಂತಿಯ ಸಭೆಯಲ್ಲಿ ಉದ್ಘಾಟನೆ. ಅರ್ಧ ಗಂಟೆ ಮೊದಲು ಪುಟ ತೆರೆದು ನೋಡಿದರೆ, 'ಇಂದಿನ ಸೂರ್ಯಾಸ್ತ: ಮಧ್ಯಾಹ್ನ 1.11'. ವೆಬ್‌ಸೈಟ್ ಇರುವ ಕಂಪ್ಯೂಟರು ಎಲ್ಲೋ ಹೊರದೇಶದಲ್ಲಿ, ಅದರ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಿಧಾನವಾಗಿ ಕೂತಿದ್ದರೆ ಹತ್ತು ನಿಮಿಷದ ಕೆಲಸ. ಹೊರಗೆ ಮೈಕ್ ಪರೀಕ್ಷೆ ನಡೆಯುತ್ತಿತ್ತು, ಸನತ್‌ಕುಮಾರರು ಎರಡು ಸಲ ಇಣುಕಿ ಹೋಗಿದ್ದರು. ಲೆಕ್ಕದ ಸಾಲುಗಳನ್ನು ಅಳಿಸಿದೆ. ಗೋಡೆಯ ಕ್ಯಾಲೆಂಡರ್ ನೋಡಿ, ಎಕೋದ ಮುಂದೆ ಉದ್ಧರಣ ಚಿಹ್ನೆಯೊಳಗೆ 'ಸಂಜೆ 6.41' ಎಂದು ಕೈಯಾರೆ ಹೊಡೆದೆ. ಆ ದಿನಕ್ಕೆ ಅದು ನಿಜವೇ ಆಗಿತ್ತು. ಚಪ್ಪಾಳೆ ಬಿತ್ತು, ಶಾಲು ಬಿತ್ತು, ಫೋಟೋ ಆಯಿತು. ನಾಳೆ ಸರಿಮಾಡುವ ಎಂದುಕೊಂಡೆ.

ಆ ನಾಳೆಯನ್ನು ನಾನು ಮರೆತೇಬಿಟ್ಟೆ. ಮೇಲಿನ ತಾರೀಕು ಮಾತ್ರ ಲೆಕ್ಕದಿಂದ ಬರುವಂಥದ್ದು, ದಿನವೂ ಬದಲಾಗುತ್ತಿತ್ತು. ಹಾಗಾಗಿ ಪುಟ ಜೀವಂತವಿದ್ದಂತೆ ಕಾಣುತ್ತಿತ್ತು.

ರಾಜೀವಿಯಕ್ಕನ ಸೊಸೆ ಸಾಧನಾ ದಿನವೂ ಸಂಜೆ ಮೊಬೈಲಿನಲ್ಲಿ ಪುಟ ತೆರೆದು ಅತ್ತೆಗೆ ಓದಿ ಹೇಳುತ್ತಿದ್ದರು. ಅಕ್ಕ ಆರೂಕಾಲಕ್ಕೆ ಬಟ್ಟಲ ಮುಂದೆ ಕೂತು, ಬರೆದ ಸಮಯಕ್ಕೆ ಐದು ನಿಮಿಷ ಇರುವಾಗ ಕೈ ತೊಳೆಯುತ್ತಿದ್ದರು. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ತೊಂದರೆಯಿರಲಿಲ್ಲ, ಸೂರ್ಯ ಮುಳುಗುವುದೇ ಅದಕ್ಕಿಂತ ತಡ. ಸೆಪ್ಟೆಂಬರಿನಿಂದ ಹಗಲು ಗಿಡ್ಡವಾಗತೊಡಗಿತು. ನನ್ನ 6.41 ಅಲ್ಲೇ ನಿಂತಿತ್ತು.

ನವೆಂಬರ್ ಹದಿನೆಂಟು, ಬೆಳಗ್ಗಿನ ಮೊದಲ ತರಗತಿ. ಎಕೋ ಪಾಠ. ಮಕ್ಕಳಿಗೆ ನಿಜವಾದ ಒಂದು ಪುಟ ತೋರಿಸುವ ಹುಮ್ಮಸ್ಸಿನಲ್ಲಿ ಸಮಾಜದ ವೆಬ್‌ಸೈಟನ್ನು ದೊಡ್ಡ ಪರದೆಯ ಮೇಲೆ ತೆರೆದೆ. ನೆರಿಯದಿಂದ ಬರುವ ವಿಸ್ಮಿತಾ ಎಂಬ ಹುಡುಗಿ ಎದ್ದು ನಿಂತಳು.

"ಸರ್, ನಾನು ಆರೂವರೆಗೆ ಬಸ್ಸಿಳಿದು ಟಾರ್ಚ್ ಹಾಕಿಕೊಂಡು ಮನೆಗೆ ನಡೀತೇನೆ. ಇದರಲ್ಲಿ ಆರು ನಲವತ್ತೊಂದು ಅಂತ ಉಂಟಲ್ಲ?"

"ನಿಮ್ಮದು ಕಾಡಿನ ಬದಿಯಲ್ವಾ, ಅಲ್ಲಿ ಬೇಗ ಕತ್ತಲೆ" ಎಂದು ಎಲ್ಲರನ್ನೂ ನಗಿಸಿದೆ. ಅಷ್ಟಕ್ಕೆ ಬಿಡಬಹುದಿತ್ತು. ಲೆಕ್ಕ ಹೇಗೆ ಆಗುತ್ತದೆ ನೋಡಿ ಎಂದು ಪುಟದ ಹಿಂದಿನ ಬರಹವನ್ನೇ ಪರದೆಯ ಮೇಲೆ ತೆರೆದೆ. ನಲವತ್ತು ಮಕ್ಕಳ ಮುಂದೆ, ಗೋಡೆಯಷ್ಟು ದೊಡ್ಡದಾಗಿ, ಉದ್ಧರಣ ಚಿಹ್ನೆಯೊಳಗೆ 6.41 ಕೂತಿತ್ತು. ಲೆಕ್ಕ ಎಂಬುದರ ಸುಳಿವೇ ಇಲ್ಲ. "ನೋಡಿ, ಹೀಗೆ ಮಾಡಬಾರದು ಅಂತ ತೋರಿಸಲಿಕ್ಕೇ ಇಟ್ಟದ್ದು" ಎಂದೆ. ಮಕ್ಕಳು ಅದನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡರು. ವಿಸ್ಮಿತಾ ಮಾತ್ರ ಬರೆದುಕೊಳ್ಳದೆ ನನ್ನನ್ನೇ ನೋಡುತ್ತಿದ್ದಳು.

ತರಗತಿ ಮುಗಿಸಿ ಸ್ಟಾಫ್‌ರೂಮಿನಲ್ಲಿ ಕೂತು ಆ ದಿನದ ನಿಜವಾದ ಸೂರ್ಯಾಸ್ತ ಹುಡುಕಿದೆ. ಆರು ಗಂಟೆ. ರಾಜೀವಿಯಕ್ಕ ನೆನಪಾದದ್ದು ಆಗ. ಹಿಂದಿನ ತಾರೀಕುಗಳನ್ನೆಲ್ಲ ತೆಗೆದು ಎಣಿಸಿದೆ. ಸೆಪ್ಟೆಂಬರ್ ಹತ್ತರಿಂದ ಹಿಂದಿನ ದಿನದವರೆಗೆ ಅರವತ್ತೊಂಬತ್ತು ಸಂಜೆ ಅವರು ಸೂರ್ಯ ಮುಳುಗಿದ ಮೇಲೆ ಉಂಡಿದ್ದರು.

ಆ ಕ್ಷಣ ನಾನು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇಲ್ಲಿಯವರೆಗಿನದ್ದು ಉದಾಸೀನ, ಮುಂದಿನದ್ದಕ್ಕೆ ಬೇರೆ ಹೆಸರಿದೆ. ನಾನು ಯೋಚಿಸಿದ್ದು ಹೀಗೆ: ಇವತ್ತೇ 6.00 ಎಂದು ಹಾಕಿದರೆ, ಒಂದೇ ದಿನಕ್ಕೆ ನಲವತ್ತು ನಿಮಿಷ ಇಳಿದದ್ದು ಸಾಧನಾಗೆ ತಿಳಿಯುತ್ತದೆ. ಆದ್ದರಿಂದ ಮೆಲ್ಲಮೆಲ್ಲಗೆ ಇಳಿಸುವ. ಆ ದಿನ 6.36 ಎಂದು ಹಾಕಿದೆ. ಮರುದಿನ 6.31. ಅದರ ಮರುದಿನ 6.26. ದಿನವೂ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಟಿಫಿನ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಐದೈದು ನಿಮಿಷ ಕಡಿಮೆ ಮಾಡಿ ಸುಳ್ಳನ್ನು ಅಚ್ಚು ಹಾಕಿದೆ. ಎಂಟನೆಯ ದಿನ ನಿಜಕ್ಕೆ ಬಂದು ಮುಟ್ಟಿತು. ಅದಕ್ಕೆ ಮೊದಲಿನ ಏಳು ಸಂಜೆ, ಆ ಮುದುಕಿ ಕತ್ತಲಲ್ಲಿ ಉಣ್ಣುತ್ತಿದ್ದಾರೆಂದು ಗೊತ್ತಿದ್ದೂ ಉಣ್ಣಿಸಿದೆ. ಮಧ್ಯದಲ್ಲಿ ಒಮ್ಮೆ ಸಾಧನಾ ಫೋನ್ ಮಾಡಿದ್ದರು. "ದಿನಾ ಐದೈದು ನಿಮಿಷ ಕಮ್ಮಿ ಆಗ್ತಾ ಉಂಟಲ್ಲ, ಸರಿ ಉಂಟಾ?" "ಚಳಿಗಾಲ ಬಂತಲ್ಲಕ್ಕ" ಎಂದೆ.

ಆಮೇಲೆ ಒಂದಿಷ್ಟು ವೇದಾಂತ ಹೊಳೆಯಿತು. ವ್ರತ ಇರುವುದು ಮನಸ್ಸಿನಲ್ಲಿ, ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ, ಹೇಳಿ ಅವರನ್ನು ನೋಯಿಸುವುದೇ ಪಾಪ. ತಪ್ಪು ಮಾಡಿದವನಿಗೆ ಶಾಸ್ತ್ರ ಎಷ್ಟು ಬೇಗ ಬಾಯಿಗೆ ಬರುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ಡಿಸೆಂಬರಿನ ಮೊದಲ ವಾರ ಸನತ್‌ಕುಮಾರರ ಫೋನ್. "ಜಯೇಶ್, ರಾಜೀವಿಯಕ್ಕನಿಗೆ ಸನ್ಮಾನ ಮಾಡುವ ಅಂತ ಉಂಟು. ಐವತ್ತೊಂದು ವರ್ಷ ಒಂದು ದಿನ ತಪ್ಪದ ವ್ರತ, ಸಣ್ಣ ಸಂಗತಿಯಾ ಅದು? ಸನ್ಮಾನಪತ್ರ ನೀನೇ ಬರೆ. ವೆಬ್‌ಸೈಟಿನಲ್ಲೂ ಹಾಕು." ಬರೆಯಲು ಕೂತೆ. 'ಒಂದು ದಿನವೂ ತಪ್ಪದೆ' ಎಂಬಲ್ಲಿಗೆ ಬಂದು ಕೈ ನಿಂತಿತು. ಆ ಮೂರು ಪದ ಬಿಟ್ಟು ಬರೆಯಲು ನೋಡಿದೆ. ಅದನ್ನು ಬಿಟ್ಟರೆ ಬರೆಯಲು ಏನೂ ಉಳಿಯಲಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ವೇಣೂರಿನ ಬಸ್ಸು ಹತ್ತಿದೆ.

ಐದು ಗಂಟೆ ಕಳೆದಿತ್ತು. ಅಕ್ಕ ಜಗಲಿಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದರು, ಕಣ್ಣಿಲ್ಲದಿದ್ದರೂ ಬೆರಳಿನಲ್ಲಿ ಅಳತೆಯಿತ್ತು. ಧ್ವನಿಯಿಂದ ನನ್ನನ್ನು ಗುರುತಿಸಿದರು. "ಜಯೇಶನಾ? ಬಾ ಮಗಾ. ಸಾಧನಾ, ಇವನಿಗೆ ಚಾ ಮಾಡು." ನಾನು ನೇರವಾಗಿ ಹೇಳಲಿಲ್ಲ. ಸರ್ವರ್ ಎಂದೆ, ಹೊರದೇಶದ ಸಮಯ ಎಂದೆ, ಸಭೆಯ ಗಡಿಬಿಡಿ ಎಂದೆ. ಸುತ್ತಿ ಬಳಸಿ ವಿಷಯಕ್ಕೆ ಬರುವಾಗ ಚಾ ತಣ್ಣಗಾಗಿತ್ತು. ಅಲಸಂಡೆ ಮುರಿಯುವ ಕೈ ನಿಂತದ್ದು ನೋಡಿ, ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು.

"ಎಷ್ಟು ದಿನ?"

"ಎಪ್ಪತ್ತಾರು."

ಒಳಗಿನಿಂದ ಬಂದ ಸಾಧನಾ ಬಾಗಿಲಲ್ಲೇ ನಿಂತರು.

"ನನಗೆ ಕತ್ತಲೆ ಅನ್ನಿಸ್ತಿತ್ತು" ಎಂದರು ಅಕ್ಕ. "ಇವಳೂ ಹೇಳಿದ್ದಳು, ಸಮಯ ಬದಲಾಗುವುದೇ ಇಲ್ಲ ಅತ್ತೆ ಅಂತ. ಅವ ಕಲಿತವ, ಮಕ್ಕಳಿಗೆ ಕಲಿಸುವವ, ನಿನಗಿಂತ ಅವನಿಗೆ ಗೊತ್ತಿಲ್ಲವಾ ಅಂತ ಇವಳನ್ನೇ ಗದರಿಸಿದೆ. ಕಣ್ಣು ಹೋದವಳಿಗೆ ಹಗಲೂ ಕತ್ತಲೆಯೇ ಅಂತ ನನ್ನನ್ನೂ ಬೈದುಕೊಂಡೆ."

ಅವರು ಬೈದಿದ್ದರೆ ಚೆನ್ನಾಗಿತ್ತು.

"ನಿನಗೆ ಯಾವಾಗ ಗೊತ್ತಾದದ್ದು?"

ಇದಕ್ಕೆ ಸುಳ್ಳು ಹೇಳಬಹುದಿತ್ತು, ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಗಿಲಲ್ಲಿ ಸಾಧನಾ ಇದ್ದರು, ಐದೈದು ನಿಮಿಷದ ಲೆಕ್ಕ ಅವರ ಮುಖದಲ್ಲಿ ಆಗಲೇ ನಡೆಯುತ್ತಿತ್ತು. ಹೇಳಿದೆ. ದಿನವೂ ಹೇಗೆ ಇಳಿಸಿದೆ ಎಂಬುದನ್ನೂ ಹೇಳಿದೆ.

"ಅರವತ್ತೊಂಬತ್ತು ದಿನ ಮರೆವಿನದ್ದು ಅಂತ ಇಡುವ" ಎಂದರು ರಾಜೀವಿಯಕ್ಕ. ಅವರ ಧ್ವನಿ ಏರಿರಲಿಲ್ಲ. "ಆ ಏಳು ದಿನ ನಾನು ಉಣ್ಣುವ ಹೊತ್ತಿಗೆ ನೀನು ಏನು ಮಾಡ್ತಿದ್ದಿ ಮಗಾ?"

ಆ ಪ್ರಶ್ನೆ ಕೇಳಿದಾಗ ಆದಷ್ಟು ನಾಚಿಕೆ ನನಗೆ ಹುಟ್ಟಿದಲ್ಲಿಂದ ಆಗಿರಲಿಲ್ಲ.

ಅವರು ಕೋಲು ಹುಡುಕಿ ಎದ್ದರು. "ನಡಿ, ಅವ್ವಮ್ಮನ ಮನೆಗೆ ಹೋಗುವ."

ಅವ್ವಮ್ಮ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು, ನಲವತ್ತು ವರ್ಷದ ನೆರೆಕರೆ. ಯಾಕೆ ಎಂದು ದಾರಿಯಲ್ಲಿ ಸಾಧನಾ ಹೇಳಿದರು. ಸೂರ್ಯ ಮುಳುಗಿದ ಕೂಡಲೇ ಮಸೀದಿಯಲ್ಲಿ ಬಾಂಗ್, ಅಂದರೆ ನಮಾಜಿನ ಕರೆ, ಆಗುತ್ತದೆ. ಅಕ್ಟೋಬರಿನಲ್ಲಿ ಒಂದು ಸಂಜೆ ಅವ್ವಮ್ಮ ಗೋಡೆಯಾಚೆಯಿಂದ, "ಬಾಂಗ್ ಆಗಿ ಎಷ್ಟು ಹೊತ್ತಾಯ್ತು ರಾಜೀವಿಯಕ್ಕ, ನೀವಿನ್ನೂ ಉಣ್ತಾ ಇದ್ದೀರಲ್ಲ" ಎಂದರಂತೆ. "ನಿಮ್ಮ ಬಾಂಗಿನ ಲೆಕ್ಕ ನಿಮಗೆ ಇರಲಿ, ನನ್ನ ವ್ರತ ನೋಡಲಿಕ್ಕೆ ನಮ್ಮ ಹುಡುಗ ಇದ್ದಾನೆ" ಎಂದು ಇವರು ಮುಖ ಮುರಿದಂತೆ ಹೇಳಿದರಂತೆ. ಆ ದಿನದಿಂದ ಅವ್ವಮ್ಮ ಗೋಡೆಯ ಹತ್ತಿರ ಬಂದಿಲ್ಲ.

ಅವ್ವಮ್ಮ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದರು. ನಮ್ಮನ್ನು ಕಂಡು ಕುರ್ಚಿ ತಂದರು. ರಾಜೀವಿಯಕ್ಕ ಕೂರಲಿಲ್ಲ. "ಅವ್ವಮ್ಮ, ನೀವು ಹೇಳಿದ್ದೇ ಸರಿ. ನಾನು ನಿಮಗೆ ದೊಡ್ಡ ಮಾತು ಹೇಳಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದರು. ತಪ್ಪು ಯಾರದ್ದೆಂದು ಹೇಳಲಿಲ್ಲ.

"ಅಯ್ಯೋ, ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ ಅಕ್ಕ" ಎಂದು ಅವ್ವಮ್ಮ ಅವರ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಇವನೇ ಅಲ್ವಾ ಕಂಪ್ಯೂಟರಿನ ಹುಡುಗ? ಈ ಕಾಲದಲ್ಲಿ ಹಿರಿಯರಿಗೆ ಇಷ್ಟು ಮಾಡುವವರು ಯಾರಿದ್ದಾರೆ!" ಎಂದರು.

ರಾಜೀವಿಯಕ್ಕ ನನ್ನ ಕಡೆ ಮುಖ ತಿರುಗಿಸಿದರು. ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದರು. ನಾನು ಮತ್ತೆ ಸರ್ವರ್ ಎಂದು ಶುರುಮಾಡಿದೆ. ಅವ್ವಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ನಾನು ಕ್ಯಾಲೆಂಡರ್ ನೋಡಿ ಒಂದು ದಿನದ್ದು ಬರೆದೆ. ಮತ್ತೆ ನೋಡಲಿಲ್ಲ. ಗೊತ್ತಾದ ಮೇಲೂ ಹೇಳಲಿಲ್ಲ" ಎಂದು ಕೊನೆಗೆ ಹೇಳಿದೆ. ಮೂರು ಸಣ್ಣ ವಾಕ್ಯ. ಅಷ್ಟು ಹೇಳುವಷ್ಟರಲ್ಲಿ ಮಸೀದಿಯ ಮೈಕಿನಲ್ಲಿ ಬಾಂಗ್ ಶುರುವಾಯಿತು.

ಸಾಧನಾ ಹಣೆ ಚಚ್ಚಿಕೊಂಡರು. "ಅತ್ತೆ, ಊಟ!"

ನಾನು ಬಂದದ್ದು ಅವರ ಊಟದ ಹೊತ್ತಿಗೆ. ನನ್ನ ತಪ್ಪೊಪ್ಪಿಗೆಯ ಸುತ್ತುಬಳಸಿನಲ್ಲಿ ಹಗಲು ಮುಗಿದುಹೋಗಿತ್ತು. ಡಾಕ್ಟರು ಹೇಳಿದ್ದಾರಲ್ಲ, ಇವತ್ತೊಂದು ದಿನ ಉಣ್ಣಿ ಎಂದು ನಾವು ಮೂವರೂ ಬೇಡಿಕೊಂಡೆವು. ಅವ್ವಮ್ಮ ಒಳಗೆ ಓಡಿ ಬಾಳೆಹಣ್ಣು ತಂದರು. ರಾಜೀವಿಯಕ್ಕ ಹಣ್ಣನ್ನು ಮುಟ್ಟಿ ನೋಡಿ ಅವ್ವಮ್ಮನ ಕೈಯಲ್ಲೇ ಬಿಟ್ಟರು.

"ಎಪ್ಪತ್ತಾರು ಉಂಟಲ್ಲ ಕೊಡಲಿಕ್ಕೆ. ಇವತ್ತಿಗೆ ಒಂದಾಯ್ತು" ಎಂದರು. "ಸನತ್‌ಕುಮಾರನಿಗೆ ಹೇಳು, ಶಾಲು ಬೇರೆ ಯಾರಿಗಾದರೂ ಹಾಕಲಿ."

ಮರುದಿನವೇ ಸಾಧನಾ ಅವರನ್ನು ಬೆಳ್ತಂಗಡಿಗೆ ಕರೆದುಕೊಂಡು ಹೋದರು. ಡಾಕ್ಟರು ಕೂಗಾಡಿ, ಸಂಜೆಯ ಮಾತ್ರೆ ತೆಗೆದು, ನಡುಕ ಬಂದರೆ ಆ ಕ್ಷಣ ಕರೆತನ್ನಿ ಎಂದು ಕಳಿಸಿದರು. ಅಕ್ಕ ಸಂಜೆಯ ಊಟ ಬಿಟ್ಟರು, ಎಪ್ಪತ್ತಾರು ದಿನಕ್ಕೆ. ಪ್ರತಿ ರಾತ್ರಿ ಸಾಧನಾ ಎರಡೆರಡು ಸಲ ಎದ್ದು ಅವರ ಹಣೆ ಮುಟ್ಟಿ ನೋಡುತ್ತಾರೆ. ಸನತ್‌ಕುಮಾರರು ಸನ್ಮಾನ ಬೇಡವೆಂದದ್ದು ಯಾಕೆ ಎಂದು ಕೇಳಿದಾಗ, "ಆರೋಗ್ಯ ಸರಿ ಇಲ್ಲವಂತೆ" ಎಂದೆ. ಅವ್ವಮ್ಮನ ಅಂಗಳದಲ್ಲಿ ಬಂದ ಧೈರ್ಯ ಅಲ್ಲಿಗೇ ಮುಗಿದಿತ್ತು.

ಸಾಧನಾಗೆ ಮಾತ್ರ ಒಂದು ಮಾತು ಹೇಳಿದ್ದೆ, ನಾನೂ ಎಪ್ಪತ್ತಾರು ದಿನ ಸಂಜೆ ಊಟ ಬಿಡುತ್ತೇನೆ ಎಂದು. ಎಂಟು ದಿನ ಬಿಟ್ಟೆ. ಒಂಬತ್ತನೆಯ ದಿನ ಪರೀಕ್ಷೆಯ ಕೆಲಸ ಮುಗಿಸಿ ಏಳು ಗಂಟೆಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿಗೆ ಬಂದಾಗ, ಶರೀಫಣ್ಣನ ಗಾಡಿಯಲ್ಲಿ ಗೋಬಿ ಮಂಚೂರಿಯ ಬಾಣಲೆ ಹೊಗೆಯಾಡುತ್ತಿತ್ತು. ಅರ್ಧ ಪ್ಲೇಟು ಮುಗಿದಿತ್ತು, ಫೋನ್ ಬಂತು. ಸಾಧನಾರ ನಂಬರು, ಧ್ವನಿ ಅಕ್ಕನದ್ದು. ಸ್ವಲ್ಪ ಸೋತಿತ್ತು.

"ಜಯೇಶಾ, ನೀನೂ ಉಪವಾಸ ಮಾಡ್ತಾ ಇದ್ದಿಯಂತೆ. ನನಗೆ ಇವತ್ತು ಗೊತ್ತಾದದ್ದು. ಅದೆಲ್ಲ ಬೇಡ ಮಗಾ. ದಿನವಿಡೀ ನಿಂತುಕೊಂಡು ಪಾಠ ಮಾಡುವವ ನೀನು. ನಿನ್ನ ಹೊಟ್ಟೆ ಉರಿದರೆ ನನ್ನ ವ್ರತಕ್ಕೆ ಏನೂ ಸಿಗುವುದಿಲ್ಲ. ಹೋಗಿ ಊಟ ಮಾಡು."

ನಾನು ಬಾಯಲ್ಲಿದ್ದದ್ದನ್ನು ನುಂಗಿದೆ. "ಆಯ್ತು ಅಕ್ಕ" ಎಂದೆ, "ನೀವು ಹೇಳಿದ್ದಕ್ಕೆ ಇವತ್ತಿನಿಂದ ಉಣ್ತೇನೆ."